ಜಯಂತ ನಾರ್ಳೀಕರರ ಕತೆಗಳು ಹುಬ್ಬಳ್ಳಿಯ ನಮ್ಮ ಚಾಳಿಗೆ ಬಂದ ಬಗೆ

ನೀವು ಕೇಳಿದ್ದು ಇಷ್ಟು: "ಜಯಂತ ನಾರ್ಳೀಕರರು ತೀರಿಕೊಂಡಾಗ ಎಲ್ಲರೂ ದೊಡ್ಡ ಖಗೋಳ ವಿಜ್ಞಾನಿ ಅಂತ ಬರೆದರು. ಮರಾಠಿಯಲ್ಲಿ ವೈಜ್ಞಾನಿಕ ಕತೆಗಳನ್ನೂ ಬರೆದಿದ್ದರಂತೆ. ಮರಾಠಿ ಬಾರದ ಕನ್ನಡದವರಿಗೆ ಆ ಕತೆಗಳಿಂದ ಏನು?"

ನನಗೂ ಮರಾಠಿ ಓದಲು ಬರುವುದಿಲ್ಲ. ಕೇಳಿದರೆ ಮುಕ್ಕಾಲು ಪಾಲು ತಿಳಿಯುತ್ತದೆ, ಹುಬ್ಬಳ್ಳಿಯಲ್ಲಿ ಬೆಳೆದವರಿಗೆ ಅಷ್ಟಾದರೂ ತಿಳಿದೇ ತಿಳಿಯುತ್ತದೆ. ಆದರೂ 2025ರ ಮೇ 20ರಂದು, 86ನೇ ವಯಸ್ಸಿನಲ್ಲಿ ಪುಣೆಯ ಮನೆಯಲ್ಲಿ ನಿದ್ದೆಯಲ್ಲೇ ಹೋದರು ಎಂಬ ಸುದ್ದಿ ಬಂದಾಗ ಮನೆಯ ಹಿರಿಯರೊಬ್ಬರು ಹೋದಷ್ಟು ಸಂಕಟವಾಯಿತು. ಅದಕ್ಕೆ ಕಾರಣ ನಮ್ಮ ಪಕ್ಕದ ಮನೆಯ ಕಾಕಾ.

ಗದಗ ರಸ್ತೆಯ ಕಡೆ ನಾವಿದ್ದ ಚಾಳಿನಲ್ಲಿ ನಮ್ಮ ಗೋಡೆಗೆ ಗೋಡೆ ಅಂಟಿದ ಮನೆ ಅವರದು. ರೈಲ್ವೆಯಲ್ಲಿದ್ದು ನಿವೃತ್ತರಾದವರು, ಮನೆಮಾತು ಮರಾಠಿ. ಬೇಸಿಗೆಯಲ್ಲಿ ಕರೆಂಟ್ ಹೋದ ರಾತ್ರಿ ಕಟ್ಟೆಯ ಮೇಲೆ ಚಾಪೆ ಹಾಸಿ, ಕಂದೀಲು ಹತ್ತಿರಕ್ಕೆ ಎಳೆದುಕೊಂಡು, ಕಣ್ಣಲ್ಲಿ ನಾರ್ಳೀಕರರ ಮರಾಠಿ ಕತೆ ಓದುತ್ತ ಬಾಯಲ್ಲಿ ಹುಬ್ಬಳ್ಳಿ ಕನ್ನಡ ಹೇಳುತ್ತಿದ್ದರು. ಎಲ್ಲೂ ತಡವರಿಸುತ್ತಿರಲಿಲ್ಲ. ಎಷ್ಟೋ ದಿನ ಆ ಪುಸ್ತಕವೇ ಕನ್ನಡದ್ದು ಅಂತ ನಾವು ತಿಳಿದಿದ್ದೆವು.

ಒಂದು ರಾತ್ರಿ "ಇವತ್ತ ಕೃಷ್ಣವಿವರ" ಅಂದರು. ಕೃಷ್ಣನ ವಿವರ ಅಂದರೆ ಗೋಕುಲದ್ದೋ ಕುರುಕ್ಷೇತ್ರದ್ದೋ ಬರುತ್ತದೆ ಅಂತ ನಾನು ಕಾಯುತ್ತ ಕೂತೆ. ಬಂದದ್ದು ಅಂತರಿಕ್ಷ. ಕೃಷ್ಣ ಯಾವಾಗ ಬರ್ತಾನ ಕಾಕಾ ಅಂತ ಕೇಳಿದೆ. ಪುಸ್ತಕ ಮಡಿಲಲ್ಲಿ ಬೋರಲು ಇಟ್ಟು ಹೇಳಿದರು: "ಆ ಕೃಷ್ಣ ಅಲ್ಲವಾ. ಕೃಷ್ಣ ಅಂದ್ರ ಕರೀದು. ವಿವರ ಅಂದ್ರ ಬಿಲ. ಇದರಾಗ ಬೆಳಕು ಹೊಕ್ಕರ ಹೊಳ್ಳಿ ಬರಂಗಿಲ್ಲ. ಬೆಳಕ ಬರಂಗಿಲ್ಲ ಅಂದಮ್ಯಾಲ ಮತ್ತ ಯಾಂವ ಬರ್ತಾನ?" ಒಂದೇ ಸಂಸ್ಕೃತ ಶಬ್ದ, ನಮ್ಮಲ್ಲಿ ಬಿಡಿಸಿ ಹೇಳುವುದಕ್ಕೆ ವಿವರ, ಅವರಲ್ಲಿ ರಂಧ್ರಕ್ಕೆ ವಿವರ. ಮುಂದೆ ಕಾಲೇಜಿನಲ್ಲಿ ಕಪ್ಪುಕುಳಿ ಅಂತ ಪಾಠ ಬಂದಾಗ ಬೇರೆಯವರು ಗಾಬರಿಯಾದರು, ನಾನು ಆಗಲಿಲ್ಲ. ಹೊಳ್ಳಿ ಬಾರದ ಆ ಬಿಲ ಕಟ್ಟೆಯ ಮೇಲೆ ಕೂತಾಗಲೇ ನನ್ನ ತಲೆಯೊಳಗೆ ಹೊಕ್ಕಿತ್ತು.

ಆ ಕತೆ ಹುಟ್ಟಿದ್ದು ಹೇಗೆಂದು ನನಗೆ ತಿಳಿದದ್ದು ಬಹಳ ತಡವಾಗಿ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ಕಥಾಸ್ಪರ್ಧೆ ಇಟ್ಟಿತ್ತು. ಆಗಲೇ ನಾರ್ಳೀಕರರು ದೇಶಕ್ಕೆಲ್ಲ ಗೊತ್ತಿದ್ದ ಹೆಸರು. ಕೇಂಬ್ರಿಜ್‌ನ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಜೊತೆ ಸೇರಿ 1964ರಲ್ಲಿ ಗುರುತ್ವದ ಹೊಸ ಸಿದ್ಧಾಂತ ಮಂಡಿಸಿದಾಗ ಅವರಿಗೆ 26 ತುಂಬಿರಲಿಲ್ಲ, ಮರುವರ್ಷವೇ ಪದ್ಮಭೂಷಣ ಬಂದಿತ್ತು. ಹೆಸರು ನೋಡಿ ಬಹುಮಾನ ಕೊಡಬಾರದು ಅಂತ ತಮ್ಮ ಇನಿಷಿಯಲ್ಲುಗಳನ್ನು ಹಿಂದುಮುಂದು ಮಾಡಿ 'ನಾರಾಯಣ ವಿನಾಯಕ ಜಗತಾಪ' ಎಂಬ ಹೆಸರು ಕಟ್ಟಿದರು. ಅಕ್ಷರ ಗುರುತು ಸಿಕ್ಕೀತು ಅಂತ ಇಡೀ ಕತೆಯನ್ನು ಹೆಂಡತಿ ಮಂಗಲಾ ಅವರ ಕೈಯಲ್ಲಿ ಬರೆಸಿ ಕಳಿಸಿದರು. ಮೊದಲ ಬಹುಮಾನ ಜಗತಾಪರಿಗೇ ಬಂತು. ಮಂಗಲಾ ಸ್ವತಃ ಗಣಿತಜ್ಞೆ, 2023ರಲ್ಲಿ ತೀರಿಕೊಂಡರು. ಕೇಂಬ್ರಿಜ್‌ನಲ್ಲಿ ಓದಿ ಬಂದವರು ಮೊದಲ ಕತೆಯನ್ನು ಮನೆಮಾತಿನಲ್ಲಿ, ಹೆಂಡತಿಯ ಅಕ್ಷರದಲ್ಲಿ, ಬೇರೆ ಹೆಸರಿನಲ್ಲಿ ಕಳಿಸಿದ್ದು ನನಗೆ ಅವರ ಎಲ್ಲ ಪ್ರಶಸ್ತಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಕತೆ ಬಲಮುರಿ ಗಣಪತಿಯದು. ಬಲಗೈ ಬೌಲರ್ ಒಬ್ಬ ಇದ್ದಕ್ಕಿದ್ದಂತೆ ಎಡಗೈಯಲ್ಲಿ ಬೌಲಿಂಗ್ ಮಾಡುತ್ತಾನೆ, ಸಾದಾ ಗಣಪತಿಯ ಸೊಂಡಿಲು ಬಲಕ್ಕೆ ತಿರುಗುತ್ತದೆ. ನಮ್ಮ ಅವ್ವ ಒಳಗಿನಿಂದಲೇ "ಬಲಮುರಿ ಗಣಪತಿ ಅಂದ್ರ ಮಡಿ ಭಾಳ, ಮನ್ಯಾಗ ಇಡಬಾರದು" ಅಂದಳು. ಕಾಕಾ ಮರುದಿನ ನನ್ನನ್ನು ಕರೆದು ಬಟರ್ ಪೇಪರ್ ತರಿಸಿದರು. ನಾಲ್ಕು ಬೆರಳು ಅಗಲದ ಉದ್ದನೆಯ ಪಟ್ಟಿ ಕತ್ತರಿಸಿ, ಒಂದು ತುದಿಯನ್ನು ಅರ್ಧ ಸುತ್ತು ತಿರುವಿ ಇನ್ನೊಂದು ತುದಿಗೆ ಗೋಂದು ಹಚ್ಚಿ ಬಳೆಯ ಹಾಗೆ ಅಂಟಿಸಿದರು. ಅದರ ಮೇಲೆ ಪೆನ್ಸಿಲಿನಲ್ಲಿ ಒಂದು ಬಲಗೈ ಬರೆದರು. ಅಷ್ಟೇ ಅಳತೆಯ ಇನ್ನೊಂದು ಕೈಯನ್ನು ಬೇರೆ ಚೂರಿನಿಂದ ಕತ್ತರಿಸಿ ಅದರ ಮೇಲೆ ಸರಿಯಾಗಿ ಕೂಡಿಸಿದರು. "ಈಗ ಇದನ್ನ ಸರಿಸಿಕೋತ ಒಂದು ಸುತ್ತ ಹೊಡಿಸು. ಎತ್ತಬ್ಯಾಡ, ಮಗಚಬ್ಯಾಡ." ಬೆರಳಿನಿಂದ ಒತ್ತುತ್ತ ಒತ್ತುತ್ತ ಸರಿಸಿದೆ. ಸುತ್ತು ಮುಗಿದು ಮೊದಲಿನ ಜಾಗಕ್ಕೆ ಬಂದಾಗ ಚೂರು ಕಾಗದದ ಆಚೆ ಬದಿಗಿತ್ತು. ಬೆಳಕಿಗೆ ಹಿಡಿದು ನೋಡಿದರೆ ಹೆಬ್ಬೆರಳು ಈ ಕಡೆ ಇದ್ದದ್ದು ಆ ಕಡೆ ಹೋಗಿದೆ. ನಾನು ಎಲ್ಲೂ ತಿರುವಿರಲಿಲ್ಲ. ಅವ್ವ ಬಂದಳು, ಅವಳೂ ಒಂದು ಸುತ್ತು ಹೊಡೆಸಿ ನೋಡಿದಳು, ಏನೂ ಮಾತಾಡಲಿಲ್ಲ. ಕಾಗದದ ಬದಲು ನಾವಿರುವ ಜಾಗವೇ ಹಾಗೆ ತಿರುಚಿಕೊಂಡಿದ್ದರೆ ಅಲ್ಲಿ ಒಂದು ಸುತ್ತು ಹಾಕಿ ಬಂದ ಮನುಷ್ಯ ಕನ್ನಡಿಯೊಳಗಿನ ಮನುಷ್ಯನಾಗಿರುತ್ತಾನೆ. ಆ ಕತೆಯ ಬೀಜ ಇಷ್ಟೇ.

ಮರಾಠಿ ಬಾರದವರಿಗೆ ಏನು ಅಂತ ಕೇಳಿದಿರಲ್ಲ, ನನ್ನ ಉತ್ತರ ಇಲ್ಲಿದೆ. ಅವರ ಕತೆಗಳಲ್ಲಿ ವಿಶ್ವದ ದೊಡ್ಡ ಸಂಗತಿಗಳು ನಮ್ಮ ದೇವರ ಜಗುಲಿಯ ಮೇಲೆ, ಕ್ರಿಕೆಟ್ ಮೈದಾನದಲ್ಲಿ, ರೈಲಿನ ಡಬ್ಬಿಯಲ್ಲಿ ನಡೆಯುತ್ತವೆ. ನ್ಯೂಯಾರ್ಕಿನ ಮೇಲೆ ಹಾರುವ ತಟ್ಟೆ ಇಳಿಯುವುದನ್ನು ಓದಿ ನಾವು ನೋಡುವವರಾಗಿ ಉಳಿಯುತ್ತೇವೆ. ಇಲ್ಲಿ ನಮ್ಮ ಮನೆಯ ಗಣಪತಿಗೇ ಏನೋ ಆಗುತ್ತದೆ.

ರೈಲು ಅಂದೆ. ಕಾಕಾಗೆ ಪ್ರಾಣವಾಗಿದ್ದದ್ದು ಪಾಣಿಪತದ ಕತೆ. ಪುಣೆಯ ಇತಿಹಾಸದ ಪ್ರೊಫೆಸರ್ ಗಂಗಾಧರಪಂತರು ಇನ್ನೊಂದು ಜಗತ್ತಿಗೆ ಜಾರಿ ಬೀಳುತ್ತಾರೆ. ಅಲ್ಲಿ ನಮ್ಮ ಪುಣೆ-ಮುಂಬಯಿ ಡೆಕ್ಕನ್ ಕ್ವೀನ್ ರೈಲಿಗಿಂತ ಜೋರಾಗಿ ಜೀಜಾಮಾತಾ ಎಕ್ಸ್‌ಪ್ರೆಸ್ ಓಡುತ್ತದೆ, ಮುಂಬಯಿಯ ರೈಲು ಡಬ್ಬಿಗಳ ಮೇಲೆ ಬ್ರಿಟಿಷರ ಬಾವುಟ ಇನ್ನೂ ಇದೆ. ಯಾಕೆಂದರೆ ಮರಾಠರು ಸೋತ 1761ರ ಪಾಣಿಪತ ಯುದ್ಧದಲ್ಲಿ ಪೇಶ್ವೆಯ ಮಗ ವಿಶ್ವಾಸರಾಯನನ್ನು ಕೊಂದ ಗುಂಡು ಆ ಜಗತ್ತಿನಲ್ಲಿ ಅವನ ಕಿವಿಯ ಪಕ್ಕ ಹಾದುಹೋಯಿತು, ಎಳ್ಳುಕಾಳಿನಷ್ಟು ಅಂತರದಲ್ಲಿ, ಮರಾಠರು ಗೆದ್ದರು. ಇಷ್ಟು ಓದಿ ಕಾಕಾ ಒಳಗೆ ಹೋಗಿ ನಿಜವಾಗಿಯೂ ಒಂದು ಎಳ್ಳು ತಂದು ನನ್ನ ಅಂಗೈಯಲ್ಲಿ ಇಟ್ಟರು. "ಇಷ್ಟರಾಗ ಹೋತು ನೋಡವಾ ರಾಜ್ಯ." ನೀವು ಓದಲು ಶುರು ಮಾಡುವುದಾದರೆ ಇದರಿಂದ ಮಾಡಿ. ಇಂಗ್ಲಿಷಿನಲ್ಲಿ 'ದಿ ಅಡ್ವೆಂಚರ್' ಅಂತ ಎನ್‌ಸಿಇಆರ್‌ಟಿಯ 11ನೇ ತರಗತಿಯ ಪುಸ್ತಕದಲ್ಲಿದೆ, ಮನೆಯಲ್ಲಿ ಸಿಬಿಎಸ್‌ಇ ಮಕ್ಕಳಿದ್ದರೆ ಕೇಳಿ ನೋಡಿ. ಆಮೇಲೆ 'ದಿ ರಿಟರ್ನ್ ಆಫ್ ವಾಮನ್' ಹಿಡಿಯಿರಿ. ಯಂತ್ರಕ್ಕೆ ಬುದ್ಧಿ ಬಂದರೆ ಏನು ಅಂತ ಈಗ ಎಲ್ಲರೂ ಚರ್ಚಿಸುವುದನ್ನು ಅವರು ಆಗಲೇ ಬರೆದಿಟ್ಟಿದ್ದರು.

ವಿಜ್ಞಾನಿಯಾಗಿ ಅವರು ಹಿಡಿದ ದಾರಿ ಹೆಚ್ಚಿನವರದ್ದಲ್ಲ. ವಿಶ್ವಕ್ಕೆ ಒಂದು ಆರಂಭದ ಕ್ಷಣ ಇರಲೇಬೇಕೆಂದಿಲ್ಲ ಅನ್ನುವುದು ಹಾಯ್ಲ್ ಮತ್ತು ಅವರ ವಾದ. 1965ರಲ್ಲಿ ಆಕಾಶದ ಎಲ್ಲ ಕಡೆಯಿಂದ ಬರುವ ಸೂಕ್ಷ್ಮತರಂಗಗಳ ಪತ್ತೆಯಾದ ಮೇಲೆ ಅವು ವಿಶ್ವದ ಬಿಸಿ ಆರಂಭದ ಕುರುಹೆಂದು ಬಹುಪಾಲು ವಿಜ್ಞಾನಿಗಳು ಮಹಾಸ್ಫೋಟದ ಕಡೆ ಹೋದರು. ಇವರು 1993ರಲ್ಲಿ ಮತ್ತೆ ಹೊಸ ರೂಪ ಕೊಟ್ಟು ಅದೇ ವಾದ ಮುಂದಿಟ್ಟರು. ಮಹಾಸ್ಫೋಟವೇ ಸರಿಯಿರಬೇಕು ಅಂತ ನನಗೂ ಅನ್ನಿಸುತ್ತದೆ. ಆದರೆ ಎಲ್ಲರೂ ಒಪ್ಪಿದ ಮೇಲೂ 'ಹಾಗಲ್ಲದೆ ಹೀಗಿದ್ದರೆ?' ಅಂತ ಲೆಕ್ಕ ಹಾಕುತ್ತ ಕೂರುವ ಮನಸ್ಸೇ ಪಾಣಿಪತದ ಕತೆಯನ್ನೂ ಬರೆದದ್ದು. ಅದೇ ಮನಸ್ಸು ಜಾತಕವನ್ನೂ ಪರೀಕ್ಷೆಗೆ ಹಚ್ಚಿತು: 27 ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟು, ಜಾಣ ಮಕ್ಕಳದ್ದು ಯಾವುದು, ಬುದ್ಧಿಮಾಂದ್ಯ ಮಕ್ಕಳದ್ದು ಯಾವುದು ಹೇಳಿ ಅಂದರು. ಸರಾಸರಿ ಸರಿಯುತ್ತರ ಶೇ. 46. ರೂಪಾಯಿ ಚಿಮ್ಮಿ ಹೇಳಿದ್ದರೆ ಶೇ. 50 ಬರುತ್ತಿತ್ತು.

1988ರಲ್ಲಿ ಪುಣೆಯಲ್ಲಿ ಖಗೋಳ ಸಂಶೋಧನೆಯ ಆಯುಕಾ ಸಂಸ್ಥೆ ಕಟ್ಟಿದ್ದು, 2014ರಲ್ಲಿ ಆತ್ಮಕತೆಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ನಿಮಗೆ ಎಲ್ಲಾದರೂ ಸಿಗುತ್ತದೆ. ನಾನು ಹೇಳಬೇಕಾದದ್ದು ಪೋಸ್ಟ್ ಕಾರ್ಡಿನ ವಿಷಯ. ಶಾಲೆಯ ಮಕ್ಕಳು ಆಟೋಗ್ರಾಫ್ ಕೇಳಿದರೆ ಅವರು ಹಾಕುತ್ತಿರಲಿಲ್ಲ. ಒಂದು ಕಾರ್ಡಿನಲ್ಲಿ ಪ್ರಶ್ನೆ ಬರೆದು ಕಳಿಸಿ, ಉತ್ತರ ಬರೆದು ಕೆಳಗೆ ಸಹಿ ಮಾಡುತ್ತೇನೆ ಅನ್ನುತ್ತಿದ್ದರು. ಹಾಗೆಯೇ ಉತ್ತರಿಸುತ್ತಲೂ ಇದ್ದರು.

ಈಗ ನಾನು ಗದಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕಾಕಾ ಹೋಗಿ ಬಹಳ ವರ್ಷವಾಯಿತು. ಆ ಮೇ ತಿಂಗಳ ಸುದ್ದಿಯ ಮೇಲೆ, ಶಾಲೆ ಶುರುವಾದ ವಾರವೇ ಅಂಚೆ ಕಚೇರಿಯಿಂದ ಕಾರ್ಡಿನ ಕಟ್ಟು ತಂದು ಮಕ್ಕಳಿಗೆ ಹಂಚಿದೆ, ಬಟರ್ ಪೇಪರಿನ ಪಟ್ಟಿ ಮಾಡಿಸಿದೆ, ಬಲಮುರಿ ಗಣಪತಿಯ ಕತೆ ಹೇಳಿದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಕಾರ್ಡಿನಲ್ಲಿ ಹೀಗಿತ್ತು: "ಟೀಚರ್, ಆ ಬೌಲರ್ ತಿರುಗಿ ಬಂದ ಮ್ಯಾಲೆ ಅವನಿಗೆ ನಮ್ಮ ರೊಟ್ಟಿ ಪಚನ ಆಗತೈತೇನ್ರಿ?"

ಉತ್ತರ ಬರೆಯಲು ನಾನು ಎರಡು ರಾತ್ರಿ ಓದಬೇಕಾಯಿತು. ಕಾರ್ಡಿನಲ್ಲಿ ಜಾಗ ಕಮ್ಮಿ, ಸಣ್ಣ ಅಕ್ಷರದಲ್ಲಿ ಬರೆದೆ: "ಆಗುವುದಿಲ್ಲ. ಸಕ್ಕರೆ, ಪಿಷ್ಟ, ಪ್ರೋಟೀನುಗಳ ಅಣುಗಳಿಗೂ ಎಡ-ಬಲ ಇದೆ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹೊಂದದಂತೆ ಅವನ ಹೊಟ್ಟೆಯ ಕಿಣ್ವಗಳು ನಮ್ಮ ರೊಟ್ಟಿಗೆ ಹೊಂದುವುದಿಲ್ಲ. ನೀರು, ಉಪ್ಪು ನಡೆಯುತ್ತವೆ. ಅವನು ಉಣ್ಣಬೇಕಾದರೆ ರೊಟ್ಟಿಯ ಬುಟ್ಟಿಯನ್ನೂ ಅದೇ ದಾರಿಯಲ್ಲಿ ಒಂದು ಸುತ್ತು ಹಾಕಿಸಿ ತರಬೇಕು." ಕೆಳಗೆ ಸಹಿ ಹಾಕಿ, ಕೈಯಲ್ಲೇ ಕೊಡಬಹುದಾಗಿದ್ದರೂ, ಅವಳ ಊರಿನ ವಿಳಾಸ ಬರೆದು ಡಬ್ಬಿಗೆ ಹಾಕಿದೆ.