ಎಪಾಕ್ಸಿ ಮೇಲೆ ಹೊಳಪಿನ ಕೋಟ್: ಯಾವುದು ಹಾಕಬೇಕು, ಹೇಗೆ ಉಳಿಯುತ್ತದೆ?

ಪ್ರಶ್ನೆ: ಹಲಸಿನ ಹಲಗೆಗಳ ನಡುವೆ ನೀಲಿ ಎಪಾಕ್ಸಿ (ಹಾರ್ಡನರ್ ಎಂಬ ಇನ್ನೊಂದು ದ್ರವ ಬೆರೆಸಿದಾಗ ಗಟ್ಟಿಯಾಗುವ ರೆಸಿನ್) ಸುರಿದು ಊಟದ ಟೇಬಲ್ ಮಾಡಿಸಿದ್ದೇವೆ. ಪಶ್ಚಿಮದ ಕಿಟಕಿ ಪಕ್ಕದಲ್ಲಿದೆ, ಸಂಜೆ ಬಿಸಿಲು ಬೀಳುತ್ತದೆ. ವರ್ಷ ತುಂಬುವಷ್ಟರಲ್ಲಿ ಆ ಭಾಗ ಹಸಿರು ತಿರುಗಿ ಮಂಕಾಗಿದೆ. ಮೇಲೆ ಬಾಳಿಕೆ ಬರುವ ಗ್ಲಾಸಿ ಕೋಟ್ ಹಾಕಿಸಬೇಕು ಅಂತಿದ್ದೇವೆ. ಬಡಗಿ ಮೆಲಮೈನ್ ಪಾಲಿಶ್ ಸಾಕು ಅಂತಾರೆ, ಬಣ್ಣದ ಅಂಗಡಿಯವರು ಪಿಯು (ಪಾಲಿಯುರೆಥೇನ್) ಅಂತಾರೆ. ಯಾರ ಮಾತು ಕೇಳೋಣ? – ಬೆಂಗಳೂರಿನ ಓದುಗರು

ಅಂಗಡಿಯವರ ಮಾತು ಕೇಳಿ. ಆದರೆ ಪಿಯು ಎಂದು ಬರೆದ ಡಬ್ಬಗಳಲ್ಲೂ ವ್ಯತ್ಯಾಸ ಇದೆ. ಅದನ್ನು ತಿಳಿದುಕೊಂಡು ಹೋಗಿ.

ಅಂಟುವುದರಲ್ಲಿ, ನೀರು ತಡೆಯುವುದರಲ್ಲಿ ಎಪಾಕ್ಸಿಗೆ ಸಾಟಿ ಸಿಗುವುದು ಕಷ್ಟ. ಬಿಸಿಲು ಮಾತ್ರ ಅದಕ್ಕೆ ಆಗಿಬರುವುದಿಲ್ಲ. ನಾವು ಬಳಸುವ ಹೆಚ್ಚಿನ ಎಪಾಕ್ಸಿ ರೆಸಿನ್ ತಯಾರಾಗುವುದು ಬಿಸ್ಫೀನಾಲ್-ಎ ಎಂಬ ವಸ್ತುವಿನಿಂದ. ಅದರ ಅಣುವಿನಲ್ಲಿ ಬೆಂಜೀನ್ ಉಂಗುರಗಳಿವೆ. ಅವು ಬಿಸಿಲಿನ ಅಲ್ಟ್ರಾವಯಲೆಟ್ (ಯುವಿ) ಕಿರಣವನ್ನು ಹೀರಿಕೊಂಡಾಗ ಅಣು ಒಡೆಯಲು ಶುರುವಾಗುತ್ತದೆ. ಮೊದಲು ಹಳದಿ, ಆಮೇಲೆ ಮಂಕು, ಹೊರಗೇ ಇಟ್ಟರೆ ಕೊನೆಗೆ ಬೆರಳಿಗೆ ಹತ್ತುವ ಬಿಳಿ ಪುಡಿ. ನೀಲಿಗೆ ಹಳದಿ ಸೇರಿದ್ದರಿಂದ ನಿಮಗೆ ಹಸಿರು ಕಾಣುತ್ತಿದೆ. ‘ಯುವಿ ಸ್ಟೆಬಿಲೈಸ್ಡ್’ ಎಂದು ಮಾರುವ ರೆಸಿನ್ ಕೂಡ ಇದನ್ನು ನಿಧಾನ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ.

ಮೆಲಮೈನ್ ಇಲ್ಲಿ ಯಾಕೆ ಬೇಡ? ಅದು ಗಟ್ಟಿಯಾಗುವುದು ಆಸಿಡ್‌ನ ನೆರವಿನಿಂದ. ಎಪಾಕ್ಸಿಯ ಹಾರ್ಡನರ್ ಅಮೈನ್, ಅಂದರೆ ಕ್ಷಾರ ಗುಣದ್ದು. ಮೇಲ್ಮೈಯಲ್ಲಿ ಅಮೈನ್ ಉಳಿದಿದ್ದರೆ ಆಸಿಡ್‌ನ ಕೆಲಸ ಕೆಡಬಹುದು. ಬಿಸಿಲಿಗೂ ಅದು ಹೇಳಿ ಮಾಡಿಸಿದ್ದಲ್ಲ. ಮರಕ್ಕೆ ಹಾಕುವ ಆಯಿಲ್ ವಾರ್ನಿಷ್ ಒಣಗುವುದು ಗಾಳಿಯ ಆಮ್ಲಜನಕದಿಂದ. ಎಪಾಕ್ಸಿ ಸರಿಯಾಗಿ ಬಲಿತಿರದಿದ್ದರೆ ಅದರ ಮೇಲೆ ವಾರ್ನಿಷ್ ದಿನಗಟ್ಟಲೆ ಅಂಟಂಟಾಗಿಯೇ ಇರುವುದುಂಟು.

ನಿಮಗೆ ಬೇಕಾದ್ದು ಎರಡು ಡಬ್ಬದಲ್ಲಿ ಬರುವ ಅಲಿಫ್ಯಾಟಿಕ್ ಪಾಲಿಯುರೆಥೇನ್, ಕ್ಲಿಯರ್ ಗ್ಲಾಸಿ. ಈ ‘ಅಲಿಫ್ಯಾಟಿಕ್’ ಎಂಬ ಪದವನ್ನು ಅಂಗಡಿಯಲ್ಲಿ ಒತ್ತಿ ಕೇಳಿ, ಅಂದರೆ ಹಾರ್ಡನರ್‌ನಲ್ಲಿ ಬೆಂಜೀನ್ ಉಂಗುರ ಇಲ್ಲದ್ದು. ಮನೆಯೊಳಗಿನ ಮರಗೆಲಸಕ್ಕೆ ಮಾರುವ ಎಷ್ಟೋ ಪಿಯುಗಳ ಹಾರ್ಡನರ್ ಆರೊಮ್ಯಾಟಿಕ್ ಜಾತಿಯದು. ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ. ಆದರೆ ಅದರಲ್ಲೂ ಬೆಂಜೀನ್ ಉಂಗುರ ಇರುವುದರಿಂದ ಅದೂ ಹಳದಿಯಾಗುತ್ತದೆ. ಡಬ್ಬದ ಮೇಲೆ ಎಕ್ಸ್‌ಟೀರಿಯರ್, ನಾನ್-ಯೆಲ್ಲೋಯಿಂಗ್ ಎಂದಿರಬೇಕು. ಅಷ್ಟೂ ಸಾಲದು. ಕ್ಲಿಯರ್ ಕೋಟ್ ತಾನು ಹಳದಿಯಾಗದೆ, ಕಿರಣವನ್ನು ಮಾತ್ರ ಕೆಳಗಿನ ಎಪಾಕ್ಸಿಗೆ ಬಿಟ್ಟುಕೊಟ್ಟರೆ ಏನು ಬಂತು ಅಲ್ವಾ? ಅದಕ್ಕೇ ಯುವಿ ಅಬ್ಸಾರ್ಬರ್ ಸೇರಿಸಿದ ಕೋಟ್ ಕೇಳಿ ತಗೊಳ್ಳಿ. ಅದೂ ಕಾಲಕ್ರಮದಲ್ಲಿ ಸವೆಯುತ್ತದೆ, ಹಾಗಾಗಿ ಆ ಕಿಟಕಿಗೆ ಪರದೆ ಬೇಕೇ ಬೇಕು.

ಇನ್ನು ಕೆಲಸದ ಮಾತು. ಜನ ಡಬ್ಬದ ಬ್ರ್ಯಾಂಡ್ ಬಗ್ಗೆ ಜಾಸ್ತಿ ಕೇಳುತ್ತಾರೆ, ಉಜ್ಜುವುದರ ಬಗ್ಗೆ ಕೇಳುವವರು ಕಡಿಮೆ. ನನ್ನ ಅಭಿಪ್ರಾಯದಲ್ಲಿ ಕೋಟ್ ಎಷ್ಟು ವರ್ಷ ನಿಲ್ಲುತ್ತದೆ ಎನ್ನುವುದು ಉಜ್ಜುವಾಗಲೇ ತೀರ್ಮಾನವಾಗಿಬಿಡುತ್ತದೆ. ಬಲಿತ ಎಪಾಕ್ಸಿಯ ನುಣುಪು ಮೈಗೆ ಪಿಯು ರಾಸಾಯನಿಕವಾಗಿ ಹೆಚ್ಚೇನೂ ಅಂಟುವುದಿಲ್ಲ. ಸಣ್ಣ ಸಣ್ಣ ಗೀರುಗಳಲ್ಲಿ ಹಿಡಿತ ಸಿಕ್ಕಿಯೇ ಅದು ನಿಲ್ಲಬೇಕು.

ಮೊದಲು ಸೋಪಿನ ನೀರಿನಲ್ಲಿ ಟೇಬಲ್ ತೊಳೆದು ಒರೆಸಿ ಒಣಗಿಸಿ. ಎಣ್ಣೆ, ಮೇಣ ಇದ್ದಂತೆಯೇ ಉಜ್ಜಿದರೆ ಅದು ಗೀರಿನೊಳಗೆ ಇಳಿಯುತ್ತದೆ. ಆಮೇಲೆ 220 ನಂಬರಿನ ಪಾಲಿಶ್ ಪೇಪರ್, ನಂತರ 320, ಕೊನೆಗೆ 400. ಹಳದಿ ಹೆಚ್ಚಾಗಿ ಮೇಲ್ಪದರದಲ್ಲೇ ಇರುವುದರಿಂದ ಉಜ್ಜಿದಾಗ ಒಂದಿಷ್ಟು ಹೋಗುತ್ತದೆ. ಒಳಗೆ ಇಳಿದದ್ದು ಹೋಗುವುದಿಲ್ಲ, ಯಾವ ಕೋಟ್ ಹಾಕಿದರೂ ಅದು ಮರೆಯಾಗುವುದಿಲ್ಲ. ಇಡೀ ಟೇಬಲ್ ಒಂದೇ ಸಮ ಮಂಕಾಗಿ, ಎಲ್ಲೂ ಹೊಳೆಯುವ ಚುಕ್ಕೆ ಇಲ್ಲದಂತೆ ಕಾಣಬೇಕು. ಅಡ್ಡಡ್ಡ ಬೆಳಕು ಬಿಟ್ಟು ನೋಡಿ. ಹೊಳೆಯುವ ಪ್ರತಿ ಚುಕ್ಕೆಯೂ ಮುಂದೆ ಕೋಟ್ ಏಳುವ ಜಾಗ. ಅಂಚು ಮತ್ತು ಮೂಲೆಗಳಲ್ಲೇ ಇದು ಹೆಚ್ಚು ತಪ್ಪಿಹೋಗುತ್ತದೆ. 1000, 2000 ನಂಬರಿನವರೆಗೆ ನುಣುಪು ಮಾಡಿದರೆ ಹೊಳಪು ಹೆಚ್ಚುತ್ತದೆ ಎಂದುಕೊಂಡು ಆ ಕೆಲಸ ಮಾಡಬೇಡಿ. ಹಿಡಿತ ಹೋಗುತ್ತದೆ. 400ರ ಗೀರನ್ನು ಪಿಯು ತುಂಬಿಕೊಳ್ಳುತ್ತದೆ, ಕಾಣುವುದಿಲ್ಲ.

ಮಿಶ್ರಣದ ಪ್ರಮಾಣ ಡಬ್ಬದಲ್ಲಿ ಬರೆದಂತೆಯೇ ಇರಲಿ. ಅಳತೆ ಪ್ರಕಾರವೋ ತೂಕದ ಪ್ರಕಾರವೋ ಎನ್ನುವುದನ್ನೂ ಓದಿ. ಥಿನ್ನರ್ ವಿಷಯದಲ್ಲಿ ಒಂದು ಎಚ್ಚರ. ಮೂಲೆಯಲ್ಲಿ ಉಳಿದಿರುವ ಎನ್‌ಸಿ (ನೈಟ್ರೋಸೆಲ್ಯುಲೋಸ್ ಬಣ್ಣಕ್ಕೆ ಬಳಸುವ) ಥಿನ್ನರ್ ಸುರಿಯಬೇಡಿ. ಅದರಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಇರುತ್ತದೆ. ಪಿಯು ಹಾರ್ಡನರ್‌ನಲ್ಲಿ ಗಟ್ಟಿಯಾಗಿಸುವ ಕೆಲಸ ಮಾಡುವ ಐಸೊಸಯನೇಟ್ ಎಂಬ ವಸ್ತು ಆಲ್ಕೋಹಾಲ್ ಜೊತೆ ಸೇರಿ ಅಲ್ಲೇ ಖರ್ಚಾಗಿಬಿಡುತ್ತದೆ. ಹಾಕಿದ ದಿನ ಚೆನ್ನಾಗಿಯೇ ಕಾಣುತ್ತದೆ, ಆದರೆ ಪದರ ಮೆತ್ತಗೆ ಉಳಿದು ಉಗುರಿಗೇ ಗೀರು ಬೀಳುತ್ತದೆ. ಹಾರ್ಡನರ್ ಮತ್ತು ಥಿನ್ನರ್ ಎರಡೂ ಅದೇ ಕಂಪನಿಯ ಪಿಯುವಿನವೇ ಆಗಿರಲಿ.

ಸ್ಪ್ರೇ ಆದರೆ ಒಂದೇ ಸಲ ದಪ್ಪಗೆ ಬೇಡ, ಎರಡು ಅಥವಾ ಮೂರು ಕೋಟ್ ಸಾಕು. ದಪ್ಪಗಾದರೆ ಮೇಲೆ ಕೆನೆ ಕಟ್ಟಿ, ಒಳಗಿನ ಥಿನ್ನರ್ ಸಿಕ್ಕಿಕೊಂಡು ಸೂಜಿಮೊನೆಯಷ್ಟು ಗುಳ್ಳೆ ಏಳುತ್ತವೆ. ಕೋಟ್ ಬಲಿಯಲು ಒಂದು ವಾರ ಬಿಡಿ. ಧೂಳಿನ ಕಾಳು ಕೂತಿದ್ದರೆ ಆಮೇಲೆ 1500, 2000, 3000 ವಾಟರ್ ಪೇಪರ್‌ನಲ್ಲಿ ನೀರು ಹಾಕಿ ಹಗುರವಾಗಿ ಉಜ್ಜಿ, ಕಾರಿಗೆ ಬಳಸುವ ಕಾಂಪೌಂಡ್‌ನಿಂದ ಬಫಿಂಗ್ ಮಾಡಿಸಿ. ಹೊಳಪು ಎದ್ದು ಬರುವುದು ಆಗ.

ಪ್ರಶ್ನೆ: ಜುಲೈ ತಿಂಗಳಲ್ಲಿ ಟೀಪಾಯಿಗೆ ಎಪಾಕ್ಸಿ ಹಾಕಿದೆ. ಮೂರು ದಿನದ ನಂತರವೂ ಮೇಲೆ ಮೇಣ ಸವರಿದ ಹಾಗೆ ಜಿಡ್ಡು. ಥಿನ್ನರ್‌ನಲ್ಲಿ ಒರೆಸಿ ಪಿಯು ಹೊಡೆದೆ. ಈಗ ಅಲ್ಲಲ್ಲಿ ಬೆಳ್ಳಗಾಗಿದೆ, ಉಗುರು ಹಾಕಿದರೆ ಸಿಪ್ಪೆಯಂತೆ ಏಳುತ್ತದೆ. – ಮಂಗಳೂರಿನ ಓದುಗರು

ಆ ಜಿಡ್ಡಿಗೆ ಅಮೈನ್ ಬ್ಲಶ್ ಎನ್ನುತ್ತಾರೆ. ಹಾರ್ಡನರ್‌ನ ಅಮೈನ್ ಗಾಳಿಯ ತೇವ ಮತ್ತು ಕಾರ್ಬನ್ ಡೈ ಆಕ್ಸೈಡ್ ಜೊತೆ ಸೇರಿ ಹುಟ್ಟುವ ಪದರ ಅದು. ಕರಾವಳಿಯ ಮಳೆಗಾಲ ಅದಕ್ಕೆ ಹೇಳಿ ಮಾಡಿಸಿದ ಸಮಯ. ಸಮಾಧಾನದ ವಿಷಯ ಏನೆಂದರೆ ಅದು ನೀರಿನಲ್ಲಿ ಕರಗುತ್ತದೆ. ಥಿನ್ನರ್‌ನಲ್ಲಿ ಸರಿಯಾಗಿ ಹೋಗುವುದಿಲ್ಲ, ಒರೆಸಿದಷ್ಟೂ ಹರಡುತ್ತದೆ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ.

ಈಗ ಮಾಡಬೇಕಾದ್ದು: ಏಳುತ್ತಿರುವ ಪಿಯುವನ್ನು ಸ್ಕ್ರೇಪರ್‌ನಿಂದ ತೆಗೆಯಿರಿ. ಗಟ್ಟಿಯಾಗಿ ಹಿಡಿದಿದೆ ಎನಿಸುವ ಭಾಗವನ್ನೂ ಉಜ್ಜಿ ತೆಗೆಯುವುದು ಒಳ್ಳೆಯದು, ಅದರ ಕೆಳಗೂ ಜಿಡ್ಡು ಇರಬಹುದು. ಬರಿ ಎಪಾಕ್ಸಿ ಕಂಡ ಮೇಲೆ ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್‌ನಿಂದ ತೊಳೆಯಿರಿ. ನೀರು ಬದಲಿಸುತ್ತಾ ಎರಡು ಸಲ ತೊಳೆದು, ಶುಭ್ರ ಬಟ್ಟೆಯಲ್ಲಿ ಒರೆಸಿ. ಸ್ವಚ್ಛವಾಯಿತೇ ಎಂದು ನೋಡಲು ಸುಮ್ನೆ ಒಂದಿಷ್ಟು ನೀರು ಚಿಮುಕಿಸಿ ಹರಡಿ. ಉಜ್ಜಿದ ಮೈ ಸ್ವಚ್ಛವಾಗಿದ್ದರೆ ನೀರು ಹಾಳೆಯಂತೆ ಹರಡಿ ನಿಲ್ಲುತ್ತದೆ, ಜಿಡ್ಡು ಇದ್ದಲ್ಲಿ ಹನಿಹನಿಯಾಗಿ ಸರಿದುಕೊಳ್ಳುತ್ತದೆ.

ಬೆಳ್ಳಗಾಗುವುದಕ್ಕೆ ಇನ್ನೊಂದು ಕಾರಣವೂ ಉಂಟು. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಪಿಯು ಹಾರ್ಡನರ್‌ಗೂ ನೀರಿಗೂ ಆಗಿಬರುವುದಿಲ್ಲ. ಎರಡೂ ಸೇರಿದರೆ ಕಾರ್ಬನ್ ಡೈ ಆಕ್ಸೈಡ್ ಹುಟ್ಟಿ ಗುಳ್ಳೆಯಾಗುತ್ತದೆ. ಗಾಳಿಯ ತೇವ 85 ಪರ್ಸೆಂಟ್ ದಾಟಿದ್ದರೆ ಕೆಲಸ ಮುಂದೂಡಿ. ಟೇಬಲ್‌ನ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು ಎನ್ನುವುದು ಪೇಂಟಿಂಗ್ ಕೆಲಸದ ಹಳೆಯ ನಿಯಮ. ಮಳೆಗಾಲದಲ್ಲೇ ಮುಗಿಸಬೇಕು ಎಂದಿದ್ದರೆ ಹಿಂದಿನ ರಾತ್ರಿಯಿಂದಲೇ ಕೋಣೆಯಲ್ಲಿ ಡಿಹ್ಯುಮಿಡಿಫೈಯರ್ ಓಡಿಸಿ. ಸ್ಪ್ರೇ ಗನ್‌ಗೆ ಗಾಳಿ ಕೊಡುವ ಕಂಪ್ರೆಸರ್‌ಗೆ ನೀರು ಹಿಡಿಯುವ ಫಿಲ್ಟರ್ ಇಲ್ಲದಿದ್ದರೆ ಉಳಿದದ್ದೆಲ್ಲ ಸರಿಯಿದ್ದೂ ಹನಿ ನೀರು ಗನ್ ಮೂಲಕವೇ ಬಂದು ಬೀಳುತ್ತದೆ. ಮಳೆ ನಿಂತ ಮೇಲೆ ಹಾಕುವುದು ಎಲ್ಲಕ್ಕಿಂತ ಸುಲಭ, ನನ್ನನ್ನು ಕೇಳಿದರೆ ಹಾಗೇ ಮಾಡಿ.

ಪ್ರಶ್ನೆ: ರೆಸಿನ್ ಟ್ರೇಗಳಿಗೆ ಗ್ಲಾಸಿ ಕೋಟ್ ಹಾಕಿದಾಗ ಅಲ್ಲಲ್ಲಿ ಮೀನಿನ ಕಣ್ಣಿನಂಥ ಗುಂಡಿ ಬೀಳುತ್ತವೆ. – ಮೈಸೂರಿನ ಓದುಗರು

ಸಿಲಿಕೋನ್ ಅಥವಾ ಮೇಣ. ಅಚ್ಚಿಗೆ ಹಾಕುವ ರಿಲೀಸ್ ಸ್ಪ್ರೇ, ಫರ್ನಿಚರ್ ಪಾಲಿಶ್, ಕಾರ್ ಪಾಲಿಶ್, ಕೈಯಲ್ಲಿರುವ ಎಣ್ಣೆ, ಕಂಫರ್ಟ್‌ನಂಥ ದ್ರವದಲ್ಲಿ ಅದ್ದಿ ಒಗೆದ ಬಟ್ಟೆ, ಇವುಗಳಲ್ಲಿ ಯಾವುದೂ ಕಾರಣ ಇರಬಹುದು. ಗುಂಡಿ ಬಿದ್ದ ಕೋಟ್ ಮೇಲೆ ಇನ್ನೊಂದು ಕೋಟ್ ಸುರಿದರೆ ಗುಂಡಿ ತುಂಬುವುದಿಲ್ಲ, ಅದೇ ಜಾಗದಲ್ಲಿ ಮತ್ತೆ ಬಾಯಿ ತೆರೆಯುತ್ತದೆ. ಪೂರ್ತಿ ಬಲಿಯಲು ಬಿಟ್ಟು, ಪಿಯು ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಒಣಗುವ ಮೊದಲೇ ಇನ್ನೊಂದು ಶುಭ್ರ ಬಟ್ಟೆಯಲ್ಲಿ ಎತ್ತಿಬಿಡಿ. ಒಂದೇ ಬಟ್ಟೆಯಲ್ಲಿ ಉಜ್ಜುತ್ತಾ ಇದ್ದರೆ ಮೇಣ ಊರೆಲ್ಲ ಹರಡುತ್ತದೆ. ನಂತರ 320, 400 ಉಜ್ಜಿ ಮತ್ತೆ ಕೋಟ್ ಹಾಕಿ.

ಪ್ರಶ್ನೆ: ಪಿಯು ಕೋಟ್ ಹಾಕಿದರೆ ಬಿಸಿ ಪಾತ್ರೆ ನೇರವಾಗಿ ಇಡಬಹುದಾ? – ಶಿವಮೊಗ್ಗದ ಓದುಗರು

ಇಡಬೇಡಿ. ಪಿಯು ಪದರಕ್ಕೆ ಏನೂ ಆಗದಿದ್ದರೂ ಕೆಳಗಿನ ಎಪಾಕ್ಸಿ ಮೆತ್ತಗಾಗುತ್ತದೆ. ಟೇಬಲ್‌ಗೆ ಬಳಸುವ ಸಾಮಾನ್ಯ ಎಪಾಕ್ಸಿ 50–60 ಡಿಗ್ರಿ ಸೆಲ್ಸಿಯಸ್ ಹೊತ್ತಿಗೇ ಮಿದುವಾಗಲು ಶುರು. ಒಲೆಯಿಂದ ಇಳಿಸಿದ ಸಾರಿನ ಪಾತ್ರೆ 90ರ ಮೇಲಿರುತ್ತದೆ. ಗಟ್ಟಿ ಪದರ ಮೇಲೆ, ಮೆತ್ತನೆಯದು ಕೆಳಗೆ ಆದಾಗ ವೃತ್ತಾಕಾರದ ಕಲೆ ಉಳಿದುಬಿಡುತ್ತದೆ. ಸಿಂಬಿ ಇಟ್ಟು ಅದರ ಮೇಲೆ ಪಾತ್ರೆ ಇಡಿ. ಅರಿಶಿನದ ಕಲೆಗೆ ಪಿಯು ಎಪಾಕ್ಸಿಗಿಂತ ಚೆನ್ನಾಗಿ ತಡೆಯುತ್ತದೆ, ಆದರೂ ಚೆಲ್ಲಿದ ತಕ್ಷಣ ಒರೆಸಿ.

ಪ್ರಶ್ನೆ: ನಮ್ಮ ವರ್ಕ್‌ಶಾಪಿನ ಬೂದು ಎಪಾಕ್ಸಿ ನೆಲ ಶಟರ್ ಹತ್ತಿರ ಹಳದಿಯಾಗಿದೆ, ಒಳಗೆ ಕೆಲವು ಕಡೆ ಗುಳ್ಳೆ ಎದ್ದಿದೆ. ಮೇಲೆ ಗ್ಲಾಸಿ ಪಿಯು ಹಾಕಿದರೆ ಎರಡೂ ಸರಿಹೋಗುತ್ತಾ? – ಹುಬ್ಬಳ್ಳಿಯ ಓದುಗರು

ಹಳದಿಗೆ ಉತ್ತರ ಸಿಗುತ್ತದೆ. ಅದೂ ಬಣ್ಣದ ಅಲಿಫ್ಯಾಟಿಕ್ ಪಿಯು ಹಾಕಿದರೆ ಇನ್ನೂ ಒಳ್ಳೆಯದು, ಬಣ್ಣದ ಪುಡಿ ಕಿರಣವನ್ನು ಕೆಳಗೆ ಬಿಡುವುದಿಲ್ಲ.

ಗುಳ್ಳೆಗೆ ಇದು ಮದ್ದಲ್ಲ. ಕಾಂಕ್ರೀಟ್ ಕೆಳಗಿನಿಂದ ತೇವ ಮೇಲೆ ತಳ್ಳುತ್ತಿರಬಹುದು. ಗುಳ್ಳೆ ಇರುವ ಕಡೆ ಎಪಾಕ್ಸಿ ಕಿತ್ತು, ಬರಿ ಕಾಂಕ್ರೀಟ್ ಮೇಲೆ 18 ಇಂಚು ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ. ಕನಿಷ್ಠ 16 ಗಂಟೆ ಬಿಟ್ಟು ತೆಗೆಯಿರಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡರೆ ಅಥವಾ ಕಾಂಕ್ರೀಟ್ ಕಪ್ಪಗಾಗಿದ್ದರೆ ತೇವ ಇದೆ ಎಂದರ್ಥ. ಆ ತೇವಕ್ಕೆ ದಾರಿ ಕಾಣದೆ ಮೇಲೆ ಏನು ಹಾಕಿದರೂ ದುಡ್ಡು ದಂಡ.

ವರ್ಕ್‌ಶಾಪಿಗೆ ಪೂರ್ತಿ ಗ್ಲಾಸಿ ನೆಲ ನನಗೆ ಇಷ್ಟವಿಲ್ಲ. ಆಯಿಲ್ ಅಥವಾ ನೀರು ಬಿದ್ದರೆ ಹುಡುಗರು ಜಾರಿ ಬೀಳುತ್ತಾರೆ. ಓಡಾಡುವ ದಾರಿಯ ಕೊನೆಯ ಕೋಟ್‌ಗೆ ಸಣ್ಣ ಅಲ್ಯುಮಿನಿಯಂ ಆಕ್ಸೈಡ್ ಪುಡಿ ಸೇರಿಸಿ. ಹೊಳಪು ಸ್ವಲ್ಪ ಇಳಿಯುತ್ತದೆ, ಕಾಲಿಗೆ ಹಿಡಿತ ಸಿಗುತ್ತದೆ. ಹೊಸದಾಗಿ ಎಪಾಕ್ಸಿ ಹಾಕುವ ಭಾಗಕ್ಕೆ ಕಂಪನಿ ಹೇಳಿದ ಮರು-ಕೋಟ್ ಅವಧಿಯೊಳಗೇ ಪಿಯು ಹಾಕಿದರೆ ಉಜ್ಜುವ ಕೆಲಸ ಉಳಿಯಬಹುದು. ಅವಧಿ ದಾಟಿದರೆ ಉಜ್ಜಲೇಬೇಕು.

ಪ್ರಶ್ನೆ: ಮನೆಯ ಟೆರೇಸ್ ರೂಮಿನಲ್ಲಿ ನಾನೇ ಪಿಯು ಸ್ಪ್ರೇ ಮಾಡಬಹುದಾ? ಕೋವಿಡ್ ಕಾಲದ ಎನ್-95 ಮಾಸ್ಕ್ ಇದೆ. – ದಾವಣಗೆರೆಯ ಓದುಗರು

ಆ ಮಾಸ್ಕ್ ಸಾಲದು. ಅದು ತಡೆಯುವುದು ಕಣಗಳನ್ನು, ಆವಿಯನ್ನಲ್ಲ. ಹಾರ್ಡನರ್‌ನ ಐಸೊಸಯನೇಟ್ ಸ್ಪ್ರೇ ಮಾಡುವಾಗ ಮಂಜಾಗಿ ಗಾಳಿಯಲ್ಲಿ ತುಂಬುತ್ತದೆ. ಇದು ಅಸ್ತಮಾ ತರಿಸಬಲ್ಲ ವಸ್ತು. ಒಮ್ಮೆ ದೇಹಕ್ಕೆ ಅಲರ್ಜಿ ಹತ್ತಿದರೆ ಆಮೇಲೆ ತೀರಾ ಸ್ವಲ್ಪ ಸೋಕಿದರೂ ಉಸಿರು ಕಟ್ಟುತ್ತದೆ. ವಾಸನೆ ಬರಲಿಲ್ಲ, ಹಾಗಾಗಿ ಸುರಕ್ಷಿತ ಎಂದು ಲೆಕ್ಕ ಹಾಕಬೇಡಿ. ವಾಸನೆ ಗೊತ್ತಾಗದಷ್ಟು ಕಡಿಮೆ ಇದ್ದಾಗಲೂ ಅದು ಹಾನಿ ಮಾಡಬಲ್ಲದು. ಯುರೋಪಿಯನ್ ಒಕ್ಕೂಟದಲ್ಲಿ 2023ರ ಆಗಸ್ಟ್ 24ರಿಂದ ಇಂಥ ವಸ್ತು ಬಳಸುವ ಕೆಲಸಗಾರರಿಗೆ ತರಬೇತಿ ಕಡ್ಡಾಯ ಮಾಡಿದ್ದಾರೆ. ನಮ್ಮಲ್ಲಿ ಎಷ್ಟೋ ಪಾಲಿಶ್ ಕೆಲಸದ ಹುಡುಗರು ಮುಖಕ್ಕೆ ಟವೆಲ್ ಕಟ್ಟಿಕೊಂಡು ದಿನವಿಡೀ ಇದನ್ನೇ ಹೊಡೆಯುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ನಿಮ್ಮ ಮನೆಯ ಕೆಲಸಕ್ಕೆ ಬಂದವರಿಗೂ ಸರಿಯಾದ ಮಾಸ್ಕ್ ತಂದುಕೊಡಿ.

ನೀವು ಮಾಡುವುದೇ ಆದರೆ ಸ್ಪ್ರೇ ಬಿಟ್ಟು ಫೋಮ್ ರೋಲರ್ ಅಥವಾ ಒಳ್ಳೆಯ ಬ್ರಶ್ ಬಳಸಿ. ಮಂಜು ಏಳುವುದಿಲ್ಲ. ನಿಧಾನ ಆರುವ ಥಿನ್ನರ್ ಹಾಕಿದರೆ ಬ್ರಶ್ ಗೆರೆ ತಾನೇ ಸಮವಾಗುತ್ತದೆ, ಉಳಿದದ್ದನ್ನು ಬಫಿಂಗ್‌ನಲ್ಲಿ ತೆಗೆಯಬಹುದು. ಆಗಲೂ ಕಿಟಕಿ ಬಾಗಿಲು ತೆರೆದಿರಲಿ. ಮುಖಕ್ಕೆ ಸರಿಯಾಗಿ ಕೂರುವ, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ಮಾಸ್ಕ್, ನೈಟ್ರೈಲ್ ಗ್ಲೌಸ್, ಕನ್ನಡಕ ಹಾಕಿ. ಗಡ್ಡ ಇದ್ದರೆ ಮಾಸ್ಕ್ ಅಂಚಿನಿಂದ ಗಾಳಿ ನುಗ್ಗುತ್ತದೆ. ಅಸ್ತಮಾ ಇರುವವರು ಈ ಕೆಲಸದ ಹತ್ತಿರವೇ ಬರಬಾರದು.

ಉಳಿದ ಹಾರ್ಡನರ್ ಡಬ್ಬವನ್ನು ಬಿಗಿಯಾಗಿ ಮುಚ್ಚಿ ಒಣ ಜಾಗದಲ್ಲಿಡಿ. ಮಬ್ಬಾಗಿದ್ದರೆ ಅಥವಾ ಗಟ್ಟಿಯಾಗಿದ್ದರೆ ಮತ್ತೆ ಬಳಸಬೇಡಿ. ಅದಕ್ಕೆ ನೀರು ಬಿದ್ದಿದ್ದರೆ ಮುಚ್ಚಳ ಹಾಕಲೇಬೇಡಿ. ಒಳಗೆ ಗ್ಯಾಸ್ ತುಂಬಿ ಡಬ್ಬ ಒಡೆಯಬಹುದು. ಬೆರೆಸಿ ಉಳಿದ ಪಿಯುವನ್ನು ಅಗಲ ತಟ್ಟೆಯಲ್ಲಿ ಹರಡಿ ಹೊರಗೆ, ಮಕ್ಕಳ ಕೈಗೆ ಸಿಗದ ಕಡೆ ಬಿಡಿ. ಪೂರ್ತಿ ಗಟ್ಟಿಯಾದ ಮೇಲೆ ಎಸೆಯಿರಿ, ಸಿಂಕಿಗೆ ಸುರಿಯಬೇಡಿ.