ಅಷ್ಟು ದೂರದಿಂದ ಹಡಗಿನಲ್ಲಿ ಬಂದ ವಸ್ತು ಅಗ್ಗಕ್ಕೆ ಹೇಗೆ ಸಿಗುತ್ತದೆ? ಸರಕು ಸಾಗಣೆ ಆರ್ಥಿಕತೆಗೆ ಯಾಕೆ ಅಷ್ಟು ಮುಖ್ಯ?

ಸಾಗಣೆಯ ಖರ್ಚಿನಲ್ಲಿ ದೂರದ ಪಾಲು ಜನ ಅಂದುಕೊಂಡಷ್ಟು ದೊಡ್ಡದಲ್ಲ. ಹೆಚ್ಚು ದುಡ್ಡು ಹೋಗುವುದು ಸರಕನ್ನು ಎತ್ತಿ ಇಳಿಸುವಾಗ ಮತ್ತು ಅದು ಎಲ್ಲೋ ಸುಮ್ಮನೆ ಬಿದ್ದಿರುವಾಗ. ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಇಲ್ಲೇ ಇದೆ.

ಕಂಟೇನರ್ ಎಂಬ ದೊಡ್ಡ ಉಕ್ಕಿನ ಪೆಟ್ಟಿಗೆ ಬರುವ ಮುಂಚೆ ಮೂಟೆ, ಪೀಪಾಯಿ, ಡಬ್ಬಗಳನ್ನು ಒಂದೊಂದಾಗಿ ಹಡಗಿಗೆ ಹೇರಬೇಕಿತ್ತು. ಹಡಗು ವಾರಗಟ್ಟಲೆ ಬಂದರಿನಲ್ಲೇ ನಿಲ್ಲುತ್ತಿತ್ತು, ಕಳವು ಮತ್ತು ಒಡೆದುಹೋಗುವುದು ಮಾಮೂಲು. 1956ರ ಏಪ್ರಿಲ್‌ನಲ್ಲಿ ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಉದ್ಯಮಿ 'ಐಡಿಯಲ್ ಎಕ್ಸ್' ಹಡಗಿನಲ್ಲಿ 58 ಕಂಟೇನರ್‌ಗಳನ್ನು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದರು. ಬಿಡಿ ಸರಕು ಹೇರಲು ಟನ್ನಿಗೆ 5.86 ಡಾಲರ್ ಬೀಳುತ್ತಿದ್ದದ್ದು ಸುಮಾರು 16 ಸೆಂಟಿಗೆ ಇಳಿಯಿತು. ಹಡಗಿನ ವೇಗ ಹೆಚ್ಚಿರಲಿಲ್ಲ, ದಾರಿಯೂ ಬದಲಾಗಿರಲಿಲ್ಲ. ಆಮೇಲೆ ಪೆಟ್ಟಿಗೆಯ ಅಳತೆ ಮತ್ತು ಮೂಲೆಯ ಕೊಂಡಿಗಳು ಜಗತ್ತಿನೆಲ್ಲೆಡೆ ಒಂದೇ ಆದವು. ಹಾಗಾಗಿ ಹಡಗು, ರೈಲು, ಲಾರಿ ಮೂರರ ನಡುವೆಯೂ ಬಾಗಿಲು ತೆರೆಯದೆ ಪೆಟ್ಟಿಗೆ ದಾಟಿಸಬಹುದು. ಇವತ್ತಿನ ಅತಿ ದೊಡ್ಡ ಹಡಗುಗಳಲ್ಲಿ 20 ಅಡಿಯ ಲೆಕ್ಕದಲ್ಲಿ 24,000 ಪೆಟ್ಟಿಗೆಗಳಿಗೆ ಜಾಗ ಇದೆ. ಖರ್ಚನ್ನು ಅಷ್ಟಕ್ಕೂ ಹಂಚಿದರೆ ಒಂದು ಜೊತೆ ಚಪ್ಪಲಿಯ ಪಾಲಿಗೆ ಚಿಲ್ಲರೆ ಕಾಸು.

ಯಾವುದರಲ್ಲಿ ಕಳಿಸಬೇಕು ಎನ್ನುವುದು ಭಾರ, ಗಾತ್ರ, ಬೆಲೆ ಈ ಮೂರರ ಲೆಕ್ಕ. ಜಗತ್ತಿನ ವ್ಯಾಪಾರದಲ್ಲಿ ಪ್ರಮಾಣದ ಲೆಕ್ಕಕ್ಕೆ 80%ಕ್ಕೂ ಹೆಚ್ಚು ಸಮುದ್ರದ ಮೇಲೆ ಹೋಗುತ್ತದೆ. ವಿಮಾನದಲ್ಲಿ ಹೋಗುವುದು 1%ಕ್ಕೂ ಕಡಿಮೆ, ಆದರೆ ಬೆಲೆಯ ಲೆಕ್ಕದಲ್ಲಿ ಅದು ಮೂರನೇ ಒಂದು ಭಾಗದ ಆಸುಪಾಸು. ವಿಮಾನದ ಬಾಡಿಗೆಯಲ್ಲಿ ಹೊಸಬರು ಎಡವುವುದು ಗಾತ್ರದ ತೂಕದಲ್ಲಿ: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ. ಬಂದ ಕಿಲೋ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಬಾಡಿಗೆ. ಅಂದರೆ ಒಂದು ಘನ ಮೀಟರ್‌ಗೆ 167 ಕಿಲೋ. ಥರ್ಮೋಕೋಲ್ ತುಂಬಿದ ದೊಡ್ಡ ಡಬ್ಬ ಹಗುರ ಇದ್ದರೂ ದುಬಾರಿ ಬೀಳುವುದು ಇದಕ್ಕೇ. ರೈಲಿನಲ್ಲಿ ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಉರುಳುವುದರಿಂದ ಟನ್ನಿಗೆ ಇಂಧನ ಬಹಳ ಕಡಿಮೆ. ಆದರೆ ಎರಡೂ ತುದಿಯಲ್ಲಿ ಲಾರಿಗೆ ದಾಟಿಸುವ ಖರ್ಚು ಇರುವುದರಿಂದ ಹತ್ತಿರದ ಊರಿಗೆ ಲಾರಿಯೇ ಗೆಲ್ಲುತ್ತದೆ.

ಕಂಟೇನರ್ ಆರಿಸುವಾಗ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. 40 ಅಡಿಯದರಲ್ಲಿ ಜಾಗ ಎರಡರಷ್ಟು (ಸುಮಾರು 67 ಘನ ಮೀಟರ್, 20 ಅಡಿಯದರಲ್ಲಿ 33), ಆದರೆ ಅದು ಎರಡರಷ್ಟು ಭಾರ ಹೊರುವುದಿಲ್ಲ. ಈಗಿನ ಅನೇಕ ಕಂಟೇನರ್‌ಗಳಿಗೆ ಒಟ್ಟು ತೂಕದ ಮಿತಿ ಎರಡಕ್ಕೂ ಒಂದೇ, 30,480 ಕಿಲೋ. 40 ಅಡಿಯ ಪೆಟ್ಟಿಗೆಯ ಸ್ವಂತ ತೂಕವೇ ಹೆಚ್ಚು. ಹಾಗಾಗಿ ಟೈಲ್ಸ್, ಕಲ್ಲು, ಲೋಹಕ್ಕೆ 20 ಅಡಿ; ಪೀಠೋಪಕರಣ, ಬಟ್ಟೆಗೆ 40 ಅಡಿ. ರಸ್ತೆಯ ತೂಕದ ಮಿತಿ ಇದಕ್ಕಿಂತ ಕಡಿಮೆ ಇರುವುದುಂಟು, ಅದನ್ನು ಮೊದಲೇ ನೋಡಿಕೊಳ್ಳಿ.

ಕೆಡುವುದು ಎಲ್ಲಿ? ಮೊದಲನೆಯದು ತುಂಬುವ ಕೆಲಸದಲ್ಲೇ. ಭಾರವೆಲ್ಲ ಒಂದು ತುದಿಗೆ ಬಿದ್ದರೆ ಎತ್ತುವಾಗ ಪೆಟ್ಟಿಗೆ ವಾಲುತ್ತದೆ. ಒಂದು ಅರ್ಧದಲ್ಲಿ 60%ಕ್ಕಿಂತ ಹೆಚ್ಚು ಭಾರ ಕೂಡದು ಎನ್ನುವುದು ರೂಢಿಯ ನಿಯಮ. ಸಂದು ಉಳಿದರೆ ಗಾಳಿಚೀಲ ತುರುಕಿ, ಇಲ್ಲವೇ ಬೆಲ್ಟ್ ಬಿಗಿಯಿರಿ. ಎರಡನೆಯದು ತೇವ. ಹಸಿ ಮರದ ಪ್ಯಾಲೆಟ್ (ಸರಕು ಜೋಡಿಸುವ ಮಣೆ) ಇಟ್ಟರೆ ಹಗಲಿನ ಬಿಸಿಗೆ ನೀರು ಆವಿಯಾಗಿ, ರಾತ್ರಿ ತಣ್ಣಗಾದ ಛಾವಣಿಯಿಂದ ಸರಕಿನ ಮೇಲೆಯೇ ತೊಟ್ಟಿಕ್ಕುತ್ತದೆ. ಹೊರಗಿನಿಂದ ಒಂದು ಹನಿಯೂ ಬಂದಿರುವುದಿಲ್ಲ, ಒಳಗೆ ಡಬ್ಬಗಳೆಲ್ಲ ಬೂಸಲು! ಒಣಗಿದ ಮರ ಬಳಸಿ, ತೇವ ಹೀರುವ ಚೀಲ ತೂಗುಹಾಕಿ. ಮರವನ್ನು ತಿರುಳಿನವರೆಗೆ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ ಅಥವಾ ಬೇರೆ ಒಪ್ಪಿತ ರೀತಿಯಲ್ಲಿ ಕೀಟಮುಕ್ತ ಮಾಡಿದ ಮುದ್ರೆ ಇಲ್ಲದಿದ್ದರೆ ಅನೇಕ ದೇಶಗಳು ಒಳಗೆ ಬಿಡುವುದೇ ಇಲ್ಲ. ತೂಕ ಸುಳ್ಳು ಹೇಳುವಂತೆಯೂ ಇಲ್ಲ: 2016ರ ಜುಲೈ 1ರಿಂದ, ದೃಢೀಕರಿಸಿದ ಒಟ್ಟು ತೂಕ ಕೊಡದ ಕಂಟೇನರನ್ನು ಹಡಗಿಗೆ ಹೇರುವ ಹಾಗಿಲ್ಲ.

ಮೂರನೆಯದು ಕಾಗದಪತ್ರ. ನನ್ನ ಅಂದಾಜಿನಲ್ಲಿ ಸಣ್ಣ ಆಮದುದಾರರನ್ನು ಹೆಚ್ಚು ಮುಳುಗಿಸುವುದು ಇದೇ. ಸರಕು ಬಂದಿರುತ್ತದೆ, ಅದನ್ನು ಬಿಡಿಸಿಕೊಳ್ಳಲು ತೋರಿಸಬೇಕಾದ ಹಡಗು ಕಂಪನಿಯ ಪತ್ರ, ಅಂದರೆ ಮೂಲ ಬಿಲ್ ಆಫ್ ಲೇಡಿಂಗ್, ಇನ್ನೂ ಕೊರಿಯರ್‌ನಲ್ಲಿರುತ್ತದೆ. ಪುಕ್ಕಟೆ ದಿನಗಳು ಮುಗಿದ ಮೇಲೆ ಪೆಟ್ಟಿಗೆ ಬಂದರಿನಲ್ಲೇ ಉಳಿದರೆ ಡೆಮರೇಜ್ ಎಂಬ ಶುಲ್ಕ; ಹೊರಗೆ ಒಯ್ದು ಖಾಲಿ ಪೆಟ್ಟಿಗೆ ತಡವಾಗಿ ಮರಳಿಸಿದರೆ ಡಿಟೆನ್ಷನ್ ಎಂಬ ಶುಲ್ಕ. ದಿನ ಕಳೆದಂತೆ ದರ ಮೆಟ್ಟಿಲೇರುತ್ತದೆ, ಕೆಲವೊಮ್ಮೆ ಸರಕಿನ ಲಾಭವನ್ನೇ ನುಂಗುತ್ತದೆ. ನಂಬಿಕೆಯ ಪಾರ್ಟಿ ಆದರೆ ಬಿಲ್ ಆಫ್ ಲೇಡಿಂಗ್ ಬದಲು ಸೀ ವೇಬಿಲ್ ಎಂಬ ಸರಳ ಸಾಗಣೆ ಪತ್ರ ಸಾಕು, ಅದಕ್ಕೆ ಮೂಲಪ್ರತಿ ಬೇಕಿಲ್ಲ.

ಇನ್ನು ಆರ್ಥಿಕತೆ. ದಾರಿಯಲ್ಲಿರುವ ಸರಕು ಕಟ್ಟಿಹಾಕಿದ ಬಂಡವಾಳ. ವರ್ಷಕ್ಕೆ 10% ಬಡ್ಡಿ ಹಿಡಿದರೆ 36 ದಿನದ ಪ್ರಯಾಣ ಸರಕಿನ ಬೆಲೆಯ ಸುಮಾರು 1% ತಿನ್ನುತ್ತದೆ. ಅದನ್ನು ತಡೆದುಕೊಳ್ಳಬಹುದು. ಇಂದು ಬರುತ್ತದೋ ಹದಿನೈದು ದಿನ ಬಿಟ್ಟು ಬರುತ್ತದೋ ಗೊತ್ತಿಲ್ಲದಿರುವುದು ಇನ್ನೂ ದುಬಾರಿ, ಯಾಕೆಂದರೆ ಕಾರ್ಖಾನೆ ಆ ಹದಿನೈದು ದಿನದ ದಾಸ್ತಾನನ್ನು ವರ್ಷವಿಡೀ ಗೋದಾಮಿನಲ್ಲಿ ಇಟ್ಟುಕೊಂಡೇ ಇರಬೇಕು. ಸಾಗಣೆ ಅಗ್ಗವೂ ನೆಚ್ಚುವಂಥದ್ದೂ ಆದಾಗ ಒಂದೇ ಬಗೆಯ ಸ್ಕ್ರೂ ಮಾಡುವ ಕಾರ್ಖಾನೆಯೂ ಬದುಕುತ್ತದೆ, ಊರಿಗೆ ಬೇಡದ್ದು ಲೋಕಕ್ಕೆ ಬೇಕಿರುತ್ತದಲ್ಲ. ಧಾನ್ಯದ ಬೆಲೆಯೂ ಹಾಗೆಯೇ: ಅಡೆತಡೆ ಇಲ್ಲದಿದ್ದರೆ ಎರಡು ಊರುಗಳ ಬೆಲೆಯ ಅಂತರ ಸಾಗಣೆ ವೆಚ್ಚಕ್ಕಿಂತ ಹೆಚ್ಚಾಗಿ ಬಹಳ ಕಾಲ ನಿಲ್ಲುವುದಿಲ್ಲ.

ದಾರಿ ಕಟ್ಟಿದರೆ ಏನಾಗುತ್ತದೆ ಎನ್ನುವುದನ್ನು 2021ರ ಮಾರ್ಚ್‌ನಲ್ಲಿ ಜಗತ್ತು ನೋಡಿತು: 400 ಮೀಟರ್ ಉದ್ದದ 'ಎವರ್ ಗಿವನ್' ಹಡಗು ಸುಯೆಜ್ ಕಾಲುವೆಗೆ ಆರು ದಿನ ಅಡ್ಡ ಬಿದ್ದಿತ್ತು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ದಾಳಿಗಳಾದಾಗ ಅನೇಕ ಹಡಗುಗಳು ಆಫ್ರಿಕಾದ ತುದಿ ಸುತ್ತಿ ಹೋದವು. ಆಗ ಹೆಚ್ಚುವರಿ ಇಂಧನಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಸುತ್ತು ಉದ್ದವಾದರೆ ಅದೇ ಹಡಗು ವರ್ಷಕ್ಕೆ ಕಡಿಮೆ ಸಲ ಬರುತ್ತದೆ, ಅಂದರೆ ಒಂದು ಹಡಗೂ ಮುಳುಗದೆ ಹಡಗುಗಳ ಕೊರತೆ. ಬಾಡಿಗೆ ಏರಿದ್ದು ಅದಕ್ಕೆ.

ಕೊನೆಗೆ, ದರ ವಿಚಾರಿಸುವಾಗ ದಿಕ್ಕು ನೋಡಿ. ರಫ್ತು ಹೆಚ್ಚಿರುವ ದೇಶದಿಂದ ಪೆಟ್ಟಿಗೆಗಳು ತುಂಬಿ ಹೋಗುತ್ತವೆ, ಖಾಲಿ ಮರಳುತ್ತವೆ. ಆ ಖಾಲಿ ದಿಕ್ಕಿನಲ್ಲಿ ನಿಮ್ಮ ಸರಕಿದ್ದರೆ ಅದೇ ದೂರಕ್ಕೆ ಅರ್ಧಕ್ಕಿಂತ ಕಡಿಮೆ ಬಾಡಿಗೆಯೂ ಸಿಗಬಹುದು. ಧೈರ್ಯವಾಗಿ ಚೌಕಾಸಿ ಮಾಡಿ.