ತೂಕ ನಿಂತಾಗ ಕರುಳು ತೊಳೆಸಲು ಹೊರಟವರು

ದಾವಣಗೆರೆ ಕಡೆಯ ಹೈಸ್ಕೂಲ್ ಶಿಕ್ಷಕಿ, ನಲವತ್ತರ ಆಸುಪಾಸು. ಸುಮಾ ಎನ್ನೋಣ, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಎಂಟು ತಿಂಗಳ ಹಿಂದೆ ಸ್ಲೀವ್ ಸರ್ಜರಿ ಆಗಿತ್ತು. ಜಠರದ ಸುಮಾರು ಮುಕ್ಕಾಲು ಭಾಗ ತೆಗೆದು ಕಿರಿದಾದ ಕೊಳವೆಯಷ್ಟನ್ನೇ ಉಳಿಸುವ ಶಸ್ತ್ರಚಿಕಿತ್ಸೆ ಅದು. 112 ಕೆಜಿ ಇದ್ದವರು 86ಕ್ಕೆ ಇಳಿದು ಅಲ್ಲೇ ನಿಂತಿದ್ದರು.

“ಮೇಡಂ, ಕೋಲನ್ ಥೆರಪಿಗೆ ಅಡ್ವಾನ್ಸ್ ಕೊಟ್ಟಿದೀನಿ. ಮಾಡಿಸ್ಕೋಬಹುದಾ?” ಗುದದ್ವಾರದಿಂದ ಕೊಳವೆ ಹಾಕಿ ನೀರಿನಿಂದ ದೊಡ್ಡ ಕರುಳು ತೊಳೆಯುವುದಕ್ಕೆ ಆ ಹೆಸರು.

ಉತ್ತರ ಕೊಡುವ ಮೊದಲು ಈಗ ಏನೇನು ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದೆ. ಬ್ಯಾಗಿನಿಂದ ಒಂದು ಚಿಕ್ಕ ನೋಟ್‌ಬುಕ್ ತೆಗೆದರು. ದಿನಕ್ಕೆ ಮೂರು ಸಲದ ತೂಕ ಬರೆದಿತ್ತು. ಬೆಳಿಗ್ಗೆ ಟಾಯ್ಲೆಟ್‌ಗೆ ಹೋಗಿ ಬಂದ ಮೇಲಿನ ಅಂಕಿಗೆ ಮಾತ್ರ ಹಸಿರು ಇಂಕಿನ ಸುತ್ತು. ಭೇದಿಗೆಂದು ರಾತ್ರಿ ಸೋನಾಮುಖಿ ಪುಡಿ, ಭಾನುವಾರ ಹರಳೆಣ್ಣೆ. ಜೊತೆಗೆ ಮೂತ್ರ ಹೆಚ್ಚಿಸುವ ಅಂಶವಿರುವ ಬಿಪಿ ಮಾತ್ರೆ. ಪಾಠ ಮಾಡುವಾಗ ಕಣ್ಣು ಕತ್ತಲೆ ಬರುತ್ತದೆ, ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ ಎಂದರು.

ನಾನು ವೈದ್ಯೆಯಲ್ಲ. ನನ್ನ ಕೋಣೆಯಿಂದಲೇ ಅವರ ಸರ್ಜನ್‌ಗೆ ಫೋನ್ ಮಾಡಿಸಿದೆ. ಅದೇ ದಿನದ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ 3.1 ಬಂತು, 3.5ಕ್ಕಿಂತ ಕೆಳಗೆ ಇರಬಾರದು. ಇನ್ನೂ ಇಳಿದಿದ್ದರೆ ಹೃದಯದ ಬಡಿತವೇ ತಪ್ಪುವ ಅಪಾಯವಿತ್ತು. ಪುಡಿ, ಎಣ್ಣೆ ಎರಡನ್ನೂ ವೈದ್ಯರು ನಿಲ್ಲಿಸಿದರು, ಬಿಪಿ ಮಾತ್ರೆ ಬದಲಿಸಿದರು.

ಮುಂದಿನ ಭೇಟಿಯಲ್ಲಿ ಅವರ ಪ್ರಶ್ನೆಗೆ ನೇರವಾಗಿ ಹೇಳಿದೆ: ಬೇಡ. ತಿಂದದ್ದರ ಸಾರವನ್ನು ಸಣ್ಣ ಕರುಳು ಹೀರಿಕೊಂಡ ಮೇಲೆ ಮಿಕ್ಕಿದ್ದು ದೊಡ್ಡ ಕರುಳಿಗೆ ಬರುತ್ತದೆ. ಅದನ್ನು ಎಷ್ಟು ತೊಳೆದರೂ ಕೊಬ್ಬು ಹೋಗುವುದಿಲ್ಲ. ಹಸಿರು ಸುತ್ತಿನೊಳಗಿನ ಅರ್ಧ ಕೆಜಿ ಬರೀ ನೀರು ಮತ್ತು ಮಲ, ಸಂಜೆಗೆ ವಾಪಸ್. ಸರ್ಜರಿ ಆದವರು ಒಮ್ಮೆಗೇ ಚೊಂಬು ನೀರು ಕುಡಿಯಲಾರರು, ಹಾಗಾಗಿ ಭೇದಿಯಲ್ಲಿ ಕಳೆದುಕೊಂಡ ನೀರನ್ನು ತುಂಬಿಕೊಳ್ಳುವುದು ಅವರಿಗೆ ಬಹಳ ಕಷ್ಟ. ಕೊಳವೆ ಹಾಕಿ ತೊಳೆಯುವಾಗ ಕರುಳಿಗೆ ತೂತು ಬಿದ್ದ ಪ್ರಕರಣಗಳೂ ಇವೆ. ಸೋಡಿಯಂ ಫಾಸ್ಫೇಟ್ ಇರುವ ಭೇದಿ ಔಷಧ, ಎನಿಮಾಗಳು ಮೂತ್ರಪಿಂಡವನ್ನೇ ಕೆಡಿಸಬಹುದು. ಇವನ್ನು 24 ಗಂಟೆಯಲ್ಲಿ ಒಂದು ಡೋಸ್‌ಗಿಂತ ಹೆಚ್ಚು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲೇ ಎಚ್ಚರಿಸಿದೆ.

ಮಲಬದ್ಧತೆ ಮಾತ್ರ ನಿಜವಾಗಿಯೂ ಇತ್ತು. ಊಟ ಕಡಿಮೆ, ನೀರು ಕಡಿಮೆ, ಮೇಲೆ ಕಬ್ಬಿಣಾಂಶದ ಮಾತ್ರೆ: ಇನ್ನೇನಾಗುತ್ತದೆ? ಆ ಮಾತ್ರೆಯನ್ನು ತಾವಾಗಿ ಬಿಡಬಾರದು, ಬೇರೆ ಬಗೆಯದ್ದು ಬರೆದುಕೊಡಿ ಎಂದು ಕೇಳಬೇಕು. ಊಟದ ಹೊತ್ತು ಬಿಟ್ಟು ದಿನವಿಡೀ ಗುಟುಕು ಗುಟುಕಾಗಿ ಒಂದೂವರೆ ಲೀಟರ್ ನೀರಾದರೂ ಒಳಗೆ ಹೋಗಬೇಕು. ಮೆತ್ತಗೆ ಬೆಂದ ತರಕಾರಿ, ಸಂಜೆ ಸ್ವಲ್ಪ ನಡಿಗೆ. ನೀರು ಸಾಲದೆ ಇಸಬ್‌ಗೋಲ್ ತಿಂದರೆ ಅದೇ ಗಟ್ಟಿಯಾಗಿ ಕೂರುತ್ತದೆ. ವೈದ್ಯರು ಮಲ ಮೆತ್ತಗಾಗಿಸುವ ಲ್ಯಾಕ್ಟುಲೋಸ್ ಬರೆದರು, ಅದು ಸಾಕಾಯಿತು.

ಆದರೆ ಸುಮಾ ಅವರನ್ನು ಆ ಕೋಲನ್ ಥೆರಪಿ ಸೆಂಟರ್‌ವರೆಗೆ ಕರೆದೊಯ್ದದ್ದು ಮಲಬದ್ಧತೆಯಲ್ಲ. ಮದುವೆಮನೆಯಲ್ಲಿ ನಾದಿನಿ ಎಲ್ಲರೆದುರು “ಅಷ್ಟು ದುಡ್ಡು ಸುರಿದು ಇಷ್ಟೇನಾ ಇಳಿದಿದ್ದು ಅತ್ತಿಗೆ?” ಅಂದಿದ್ದರು. ಸರ್ಜರಿಗೆ ಗಂಡ ಸೊಸೈಟಿಯಲ್ಲಿ ಸಾಲ ತೆಗೆದಿದ್ದರು. ತೂಕ ಇಳಿಯದ ಪ್ರತಿ ದಿನವೂ ಅವರಿಗೆ ಆ ಸಾಲ ಪೋಲು ಮಾಡಿದಂತೆ ಅನ್ನಿಸುತ್ತಿತ್ತು. ಇಂಥ ನಿಲುಗಡೆ ಈ ಸರ್ಜರಿ ಆದ ಬಹುತೇಕರಿಗೂ ಬರುತ್ತದೆ ಎಂದು ಅವರಿಗೆ ಒತ್ತಿ ಹೇಳಿದವರಿರಲಿಲ್ಲ. ಗಂಡನನ್ನೂ ಕರೆಸಿ ಮಾತಾಡಿದೆ. ತೂಕ ವಾರಕ್ಕೊಮ್ಮೆ ಮಾತ್ರ, ಸೋಮವಾರ ಬೆಳಿಗ್ಗೆ, ಎಂದು ಇಬ್ಬರೂ ಒಪ್ಪಿದರು. ನಾದಿನಿಗೆ ಉತ್ತರ ಕೊಡುವ ಹೊಣೆಯನ್ನು ಗಂಡ ತಾವೇ ವಹಿಸಿಕೊಂಡರು. ಆ ಮಾತು ಕೇಳಿದಾಗ ಸುಮಾ ಅತ್ತುಬಿಟ್ಟರು.

ಇದೇ ಸ್ಥಿತಿಯಲ್ಲಿರುವ ಇತರರಿಗೂ ಒಂದು ಮಾತು. ಕೊಲೊನೋಸ್ಕೋಪಿಗಾಗಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಕರುಳು ಖಾಲಿ ಮಾಡಿಸಬೇಕಾದರೆ ಸರ್ಜರಿ ಆಗಿರುವುದನ್ನು ಮೊದಲೇ ತಿಳಿಸಿ. ಔಷಧ, ಕುಡಿಯುವ ವೇಗ ಎರಡನ್ನೂ ಅದಕ್ಕೆ ತಕ್ಕಂತೆ ಹೊಂದಿಸುತ್ತಾರೆ. ಹೊಟ್ಟೆನೋವು ಬಿಡದೆ ಕಾಡಿದರೆ, ವಾಂತಿಯಾಗಿ ಗಾಳಿಯೂ ಹೋಗದಿದ್ದರೆ, ಅದರಲ್ಲೂ ತೂಕ ಇಳಿಸಲು ಜಠರದ ಬೈಪಾಸ್ (ಜಠರ ಕಿರಿದಾಗಿಸಿ ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವ ಸರ್ಜರಿ) ಆದವರು, ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಒಳಗೆ ಕರುಳು ಸಿಕ್ಕಿಹಾಕಿಕೊಂಡಿದ್ದರೆ ಭೇದಿ ಔಷಧ ಜೀವಕ್ಕೇ ಕುತ್ತು ತಂದೀತು.